ಹಳೇ ಕಳ್ಳಿ ಗಿಡದ ಗುಂಪು ಕೊಳ್ಳುವ ಮುಂಚೆ ಬುಡ ನೋಡಿ

ಇಪ್ಪತ್ತು ಮೂವತ್ತು ತಲೆಯ ಮ್ಯಾಮಿಲ್ಲೇರಿಯಾ ಪ್ಲೂಮೋಸಾ ಎಂಬ ಕಳ್ಳಿ ಗಿಡ (ಕ್ಯಾಕ್ಟಸ್) ಕಂಡರೆ ಎಂಥವರ ಕೈಯೂ ಜೇಬಿಗೆ ಹೋಗುತ್ತದೆ. ಬಿಳಿ ಗರಿ ಹೊದ್ದ ಉಂಡೆಗಳು ಒತ್ತೊತ್ತಾಗಿ ಕೂತಿರುತ್ತವೆ, ಮುಟ್ಟಿದರೆ ಚುಚ್ಚುವುದೂ ಇಲ್ಲ. ಅಂಥ ಗಿಡ ಕೊಳ್ಳಲು ಬಂದವರಿಗೆ ನಾನು ಹೇಳುವುದು ಇಷ್ಟೇ: ದುಡ್ಡು ಕೊಡುವ ಮುಂಚೆ ಬುಡ ನೋಡಿ.

ಸ್ವಂತ ಬೇರಿನ ಮೇಲೆ ಈ ಗಿಡ ಅಷ್ಟು ಮರಿ ಹಾಕಲು ವರ್ಷಗಟ್ಟಲೆ ಬೇಕು. ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಮಾಡಿದರೆ ಬೇಗ ಉಬ್ಬಿಬಿಡುತ್ತದೆ. ಕಸಿ ಮಾಡುವುದು ಮೋಸವೇನಲ್ಲ. ಆದರೆ ಆ ಕಾಂಡ ಕೆಲವೇ ವರ್ಷಕ್ಕೆ ಸೋಲುತ್ತದೆ, ಮೇಲಿನ ಭಾರ ಹೊರಲಾರದು. ಕೆಲವರು ಕಸಿಯ ಜಾಗ ಕಾಣದ ಹಾಗೆ ಜಲ್ಲಿ ಮುಚ್ಚಿರುತ್ತಾರೆ. ಬೆರಳಲ್ಲಿ ಸ್ವಲ್ಪ ಸರಿಸಿ. ಮೂರು ಮೂಲೆಯ ಹಸಿರು ಕಾಂಡ ಕಂಡರೆ ಬೆಲೆ ಕಸಿ ಗಿಡದ ಲೆಕ್ಕದಲ್ಲೇ ಇರಬೇಕು, ಅಲ್ವಾ?

ಬುಡ ಕಂದು ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ. ಹಳೇ ಗಿಡದ ಕೆಳಭಾಗ ತೊಗಟೆಯಂತೆ ಒರಟಾಗುತ್ತದೆ, ಅದು ವಯಸ್ಸಿನ ಗುರುತು. ಪೆನ್ಸಿಲ್ಲಿನ ಹಿಂಬದಿಯಿಂದ ಒತ್ತಿದಾಗ ಗಟ್ಟಿಯಾಗಿದ್ದರೆ ಸರಿ. ಮೆತ್ತಗೆ ಒಳಗೆ ಹೋದರೆ ಕೊಳೆತಿದೆ. ಗುಂಪಿನ ನಡುವಿನ ತಲೆಗಳನ್ನೂ ಹೀಗೇ ಒತ್ತಿ ನೋಡಿ. ಅಲ್ಲಿ ಗಾಳಿ ಆಡುವುದಿಲ್ಲ, ನೀರು ಬೇಗ ಆರುವುದಿಲ್ಲ. ನಡುವೆ ಕೊಳೆತಿದ್ದರೂ ಸುತ್ತಲಿನ ಮರಿಗಳು ಎಷ್ಟೋ ದಿನ ಚೆನ್ನಾಗಿಯೇ ಕಾಣುತ್ತವೆ.

ಮನೆಗೆ ತಂದ ಮೇಲೂ ಲಕ್ಷ್ಯ ಅಲ್ಲೇ ಇರಲಿ. ಅಗಲವಾದ, ಆಳ ಕಮ್ಮಿಯ ಕುಂಡ ಸಾಕು. ಆಳದ ಕುಂಡದಲ್ಲಿ ಬೇರು ತಲುಪದ ಕಡೆ ಮಣ್ಣು ಒದ್ದೆಯಾಗೇ ಉಳಿಯುತ್ತದೆ. ಮಣ್ಣಿನ ಮಿಶ್ರಣದಲ್ಲಿ ಸಣ್ಣ ಜಲ್ಲಿ, ಇಟ್ಟಿಗೆ ಚೂರು, ಪ್ಯೂಮಿಸ್ (ಹಗುರವಾದ ತೂತು ಕಲ್ಲು) ಸೇರಿ ಮುಕ್ಕಾಲು ಪಾಲು ಇರಲಿ. ಕೋಕೋಪೀಟ್ ನೆಚ್ಚಿಕೊಳ್ಳಬೇಡಿ. ನೀರನ್ನು ಕುಂಡದ ಅಂಚಿಗೆ ಹಾಕಿ, ಮಣ್ಣು ಪೂರ್ತಿ ಒಣಗಿದ ಮೇಲೆ ಮತ್ತೆ. ನೆತ್ತಿಯ ಮೇಲೆ ಸುರಿದರೆ ಗರಿಗೆ ಕೊಳೆ ಅಂಟುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಬೆಂಗಳೂರಿನ ಮಳೆಗಾಲದಲ್ಲಿ ಮೇಲೊಂದು ಪಾರದರ್ಶಕ ಶೀಟ್ ಬೇಕೇ ಬೇಕು. ಬದಿಗಳನ್ನು ಮಾತ್ರ ಮುಚ್ಚಬೇಡಿ.

ಹಿಟ್ಟು ತಿಗಣೆಗೆ ಪ್ಲೂಮೋಸಾ ಹೇಳಿ ಮಾಡಿಸಿದ ಮನೆ. ಬಿಳಿ ಗರಿಯ ಕೆಳಗೆ ಬಿಳಿ ಹುಳ, ಕಾಣುವುದಾದರೂ ಹೇಗೆ? ಸುತ್ತ ಇರುವೆ ಓಡಾಡುತ್ತಿದ್ದರೆ ಅನುಮಾನ ಪಡಿ. ಸಂಜೆ ಹೊತ್ತು ಸಣ್ಣ ಕುಂಚದಲ್ಲಿ ಸರ್ಜಿಕಲ್ ಸ್ಪಿರಿಟ್ ಹಚ್ಚಿ. ಕುಂಡದ ಒಳಗೋಡೆಗೆ ಹತ್ತಿಯಂಥ ಪುಡಿ ಅಂಟಿದ್ದರೆ ಹುಳ ಬೇರಿಗೂ ಇಳಿದಿದೆ. ಗಿಡ ಕಿತ್ತು, ಬೇರು ತೊಳೆದು, ಕೆಟ್ಟದ್ದನ್ನು ಕತ್ತರಿಸಿ. ಒಂದು ವಾರ ನೆರಳಲ್ಲಿ ಒಣಗಿಸಿ ಹೊಸ ಒಣ ಮಣ್ಣಲ್ಲಿ ನೆಡಿ. ಇನ್ನೂ ಕೆಲವು ದಿನ ನೀರು ಬೇಡ.

ಕೋಪಿಯಾಪೋವಾ ಎಂಬ ಇನ್ನೊಂದು ಜಾತಿಯ ಕಳ್ಳಿಯ ದೊಡ್ಡ ಗುಂಪು ಯಾರಾದರೂ ತೋರಿಸಿದರೆ ಬೇರೆ ಪ್ರಶ್ನೆ ಕೇಳಿ. ಇವು ಚಿಲಿಯ ಅಟಕಾಮ ಕರಾವಳಿಯವು. ಮಳೆ ಅಪರೂಪವಾದ ಆ ನೆಲದಲ್ಲಿ ಸಮುದ್ರದ ಮಂಜು ಹೀರಿ ಬದುಕುತ್ತವೆ, ತೀರಾ ನಿಧಾನ ಬೆಳೆಯುತ್ತವೆ. ಅದಕ್ಕೇ ಕಳ್ಳರ ಕಣ್ಣು. 2020ರಲ್ಲಿ ಇಟಲಿಯ ಪೊಲೀಸರು ಸಾವಿರಕ್ಕೂ ಹೆಚ್ಚು ಕದ್ದ ಕಳ್ಳಿ ಹಿಡಿದರು, ಮುಂದಿನ ವರ್ಷ 800ಕ್ಕೂ ಹೆಚ್ಚು ಚಿಲಿಗೆ ವಾಪಸ್ ಹೋದವು. ಮೈ ಬೂದಿ ಬಣ್ಣ, ಹಳೇ ಗಾಯ, ಕತ್ತರಿಸಿದ ದಪ್ಪ ಬೇರು ಕಂಡರೆ ಕಾಡಿನಿಂದ ಕಿತ್ತದ್ದಿರಬಹುದು. ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪತ್ರ ಕೇಳಿ. ಮಾರುವವರು ಮಾತು ತೇಲಿಸಿದರೆ ಬಿಟ್ಟು ಬನ್ನಿ. ಬೀಜದಿಂದ ಬೆಳೆಸಿದ ಚಿಕ್ಕ ಕೋಪಿಯಾಪೋವಾ ಸಿಕ್ಕರೆ ತಗೊಳ್ಳಿ, ಸ್ವಲ್ಪ ಹಸಿರಾಗಿದ್ದರೂ ಪರವಾಗಿಲ್ಲ.