ಓದುಗರ ಪ್ರಶ್ನೆ: ಕಾರ್ಡ್ ನಂಬರ್ ಎನ್‌ಕ್ರಿಪ್ಟ್ ಮಾಡಿ ಇಟ್ಟುಕೊಳ್ಳಬಹುದಾ?

ಪ್ರಶ್ನೆ: ಬಸವನಗುಡಿಯ ಒಂದು ಕಾಂಡಿಮೆಂಟ್ಸ್ ಅಂಗಡಿಗೆ ಆ್ಯಪ್ ಮಾಡಿಕೊಡುತ್ತಿದ್ದೇವೆ. ಕಾಯಂ ಗಿರಾಕಿಗಳು ಪ್ರತಿಸಲ 16 ಅಂಕಿ ಒತ್ತೋಕೆ ಬೇಜಾರು ಅಂತಾರೆ. ಕಾರ್ಡ್ ವಿವರವನ್ನು ಎನ್‌ಕ್ರಿಪ್ಟ್ ಮಾಡಿ (ಕೀ ಇಲ್ಲದೆ ಓದಲಾಗದ ಗುಪ್ತ ರೂಪಕ್ಕೆ ತಿರುಗಿಸಿ) ನಮ್ಮ ಡೇಟಾಬೇಸ್‌ನಲ್ಲೇ ಇಟ್ಟುಕೊಂಡರೆ ತೊಂದರೆ ಇಲ್ಲ ಅಲ್ಲವಾ ಸರ್?

ಉತ್ತರ: ತೊಂದರೆ ಇದೆ. ಇಡುವ ಹಾಗೇ ಇಲ್ಲ. ಅಂಗಡಿ ಬದಲಾಗುತ್ತದೆ, ಬಡಾವಣೆ ಬದಲಾಗುತ್ತದೆ, ‘ಎನ್‌ಕ್ರಿಪ್ಟ್ ಮಾಡಿ’ ಅನ್ನುವ ಮಾತು ಮಾತ್ರ ಪ್ರತಿ ಪತ್ರದಲ್ಲೂ ಹಾಗೇ ಬರುತ್ತದೆ. ಈ ಸಲ ಅದನ್ನು ಪೂರ್ತಿ ಬಿಚ್ಚಿಬಿಡೋಣ.

ಮೊದಲು ನಿಯಮ. 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳನ್ನು ಬಿಟ್ಟು ಬೇರೆ ಯಾರೂ ಕಾರ್ಡ್ ವಿವರವನ್ನು ಉಳಿಸಿಟ್ಟುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಲೆಕ್ಕ ತಾಳೆ ನೋಡಲು ಕೊನೆಯ 4 ಅಂಕಿ ಮತ್ತು ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ. ‘ಎನ್‌ಕ್ರಿಪ್ಟ್ ಮಾಡಿದವರಿಗೆ ರಿಯಾಯಿತಿ’ ಅಂತ ಅಲ್ಲೆಲ್ಲೂ ಇಲ್ಲ.

ನಿಯಮ ಬದಿಗಿಡಿ, ಎಂಜಿನಿಯರಿಂಗ್ ಲೆಕ್ಕದಲ್ಲೇ ನೋಡಿ. ಎಇಎಸ್-256 ಎಂಬ ಎನ್‌ಕ್ರಿಪ್ಟ್ ಮಾಡುವ ವಿಧಾನ ಗಟ್ಟಿಯೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದನ್ನು ಬಿಚ್ಚುವ ಕೀ ಎಲ್ಲಿದೆ? ಆ್ಯಪ್ ಒಳಗಿದ್ದರೆ, ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಬಿಚ್ಚಿ ನೋಡುವ ಉಚಿತ ಟೂಲ್‌ಗಳಿಗೆ ಅದು ಹತ್ತು ನಿಮಿಷದ ಕೆಲಸ. ಡೇಟಾಬೇಸ್ ಇರುವ ಸರ್ವರ್‌ನ ಕಾನ್ಫಿಗ್ ಫೈಲ್‌ನಲ್ಲಿದ್ದರೆ, ಬೀಗ ಹಾಕಿ ಕೀಲಿಕೈಯನ್ನು ಮೀಟರ್ ಬಾಕ್ಸ್ ಮೇಲಿಟ್ಟ ಹಾಗೆ.

ಇಷ್ಟಾದ ಮೇಲೆ ಜಾಣರು ಇನ್ನೊಂದು ದಾರಿ ಹಿಡಿಯುತ್ತಾರೆ: ‘ಹಾಗಾದರೆ ಹ್ಯಾಶ್ ಮಾಡ್ತೀವಿ, ವಾಪಸ್ ತೆಗೆಯೋಕೇ ಆಗಲ್ಲ.’ ಹ್ಯಾಶ್ ಅಂದರೆ ನಂಬರನ್ನು ಒಂದು ಸೂತ್ರಕ್ಕೆ ಹಾಕಿ ತೆಗೆದ ಗುರುತು. ಅದರಿಂದ ನೇರವಾಗಿ ನಂಬರ್ ಸಿಗದು, ಆದರೆ ಸಾಧ್ಯವಿರುವ ನಂಬರ್‌ಗಳನ್ನೆಲ್ಲ ಹ್ಯಾಶ್ ಮಾಡಿ ಹೋಲಿಸಿ ನೋಡಬಹುದು. ಲೆಕ್ಕ ಹಾಕಿ. 16 ಅಂಕಿಯಲ್ಲಿ ಮೊದಲ 6 ಬ್ಯಾಂಕಿನ ಗುರುತು, ಎಲ್ಲರಿಗೂ ಗೊತ್ತಿರುವಂಥದ್ದು. ಕೊನೆಯ 4 ನೀವೇ ಪರದೆ ಮೇಲೆ ತೋರಿಸುತ್ತೀರಿ. ಉಳಿದದ್ದು 6 ಅಂಕಿ, ಅಂದರೆ 10 ಲಕ್ಷ ಸಾಧ್ಯತೆ. ಕೊನೆಯ ಅಂಕಿ ಲುನ್ ಸೂತ್ರಕ್ಕೆ (ನಂಬರ್ ಒತ್ತುವಾಗ ತಪ್ಪಾಗಿಲ್ಲವೇ ಎಂದು ಪರೀಕ್ಷಿಸುವ ಲೆಕ್ಕ) ತಾಳೆಯಾಗಲೇಬೇಕಾದ್ದರಿಂದ ಅದರಲ್ಲಿ ಹತ್ತರಲ್ಲೊಂದು ಪಾಲು, ಬರೀ 1 ಲಕ್ಷ, ಉಳಿಯುತ್ತದೆ. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನದಲ್ಲಿ 1 ಲಕ್ಷ ಹ್ಯಾಶ್ ಲೆಕ್ಕ ಹಾಕಲು ಮಾಮೂಲಿ ಲ್ಯಾಪ್‌ಟಾಪ್‌ಗೆ ಒಂದು ಸೆಕೆಂಡೂ ಬೇಡ. ಬ್ಯಾಂಕ್ ಗುರುತು 8 ಅಂಕಿಯಾಗಿದ್ದರೆ ಉಳಿಯುವುದು ಒಂದೇ ಸಾವಿರ. ಸಾಲ್ಟ್ (ಹ್ಯಾಶ್ ಮಾಡುವ ಮುನ್ನ ಬೆರೆಸುವ ಅಡ್ಡಾದಿಡ್ಡಿ ಅಕ್ಷರಗಳು) ಸೇರಿಸಿ ಅದೇ ಟೇಬಲ್‌ನಲ್ಲಿಟ್ಟರೆ, ಟೇಬಲ್ ಕದ್ದವನ ಕೈಗೆ ಅದೂ ಸಿಕ್ಕಿತು.

ಸಿವಿವಿ ಬಗ್ಗೆ ಒಂದೇ ಸಾಲು: ಪಾವತಿಗೆ ಅನುಮೋದನೆ ಸಿಕ್ಕ ಮೇಲೆ ವ್ಯಾಪಾರಿ ಅದನ್ನು ಎನ್‌ಕ್ರಿಪ್ಟ್ ಮಾಡಿಯೂ ಇಡಬಾರದು ಎಂದು ಕಾರ್ಡ್ ಉದ್ಯಮದ ಸುರಕ್ಷತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್ ನೇರವಾಗಿಯೇ ಬರೆದಿದೆ. ‘ನಾವು ಇಡಲ್ಲ, ನಮ್ಮ ಸರ್ವರ್ ಮೂಲಕ ಹಾದುಹೋಗುತ್ತೆ ಅಷ್ಟೇ’ ಎನ್ನುವವರಿಗೂ ಬಿಡುಗಡೆ ಇಲ್ಲ. ಹಾದುಹೋದರೂ ಆ ಮಾನದಂಡ ನಿಮಗೆ ಅನ್ವಯಿಸುತ್ತದೆ.

ಸರಿ, ಮಾಡಬೇಕಾದ್ದೇನು? ಟೋಕನ್, ಅಂದರೆ ಕಾರ್ಡ್ ನಂಬರ್ ಬದಲಿಗೆ ಬಳಸುವ ಬೇರೆ ಗುರುತು. ಗೇಟ್‌ವೇ (ಪಾವತಿ ನಡೆಸಿಕೊಡುವ ಸೇವೆ) ಕೊಡುವ ಎಸ್‌ಡಿಕೆ, ಅಂದರೆ ಸಿದ್ಧ ಕೋಡ್ ಕಟ್ಟಿನಲ್ಲಿರುವ ಪಾವತಿ ಪರದೆಯನ್ನೇ ಬಳಸಿ, ‘ಕಾರ್ಡ್ ಉಳಿಸಿ’ ಆಯ್ಕೆ ಚಾಲೂ ಮಾಡಿ. ಗಿರಾಕಿ ತಾನಾಗಿ ಒಪ್ಪಿ ಒಟಿಪಿ ಕೊಟ್ಟರೆ ಕಾರ್ಡ್ ಜಾಲ ಟೋಕನ್ ಕೊಡುತ್ತದೆ. ನಿಮ್ಮ ಡೇಟಾಬೇಸ್‌ನಲ್ಲಿ ಗೇಟ್‌ವೇ ಕೊಟ್ಟ ಗ್ರಾಹಕ ಐಡಿ, ಟೋಕನ್ ಐಡಿ, ಕೊನೆಯ 4 ಅಂಕಿ, ಬ್ಯಾಂಕಿನ ಹೆಸರು ಇದ್ದರೆ ಸಾಕು. ಟೋಕನ್ ಆ ಕಾರ್ಡಿಗೂ ಆ ಅಂಗಡಿಗೂ ಸೇರಿ ಹುಟ್ಟಿದ್ದು, ಕದ್ದವನು ಬೇರೆ ಅಂಗಡಿಯಲ್ಲಿ ಅದನ್ನು ಬಳಸಲಾರ. ಒಪ್ಪಿಗೆಯ ಟಿಕ್ ಗುರುತನ್ನು ಮೊದಲೇ ಹಾಕಿಡಬೇಡಿ. ಉಳಿಸಿದ ಕಾರ್ಡ್ ತೆಗೆದುಹಾಕುವ ಬಟನ್ ಸುಲಭವಾಗಿ ಕಾಣುವ ಕಡೆ ಇರಲಿ.

ಕಾರ್ಡ್ ನಂಬರ್ ಬರೆಯುವ ಖಾನೆಯನ್ನು ನೀವೇ ಕಟ್ಟಲು ಹೊರಟರೆ ಡೇಟಾಬೇಸ್‌ಗಿಂತ ಮೊದಲೇ ಸೋರಿಕೆ ಶುರು. ಡೀಬಗ್ ಮಾಡುವಾಗ ನೆಟ್‌ವರ್ಕ್ ಲಾಗನ್ನು ‘ಬಾಡಿ’ ಮಟ್ಟಕ್ಕೆ (ಕಳಿಸಿದ ವಿವರವೆಲ್ಲ ದಾಖಲಾಗುವ ಮಟ್ಟ) ಏರಿಸಿ, ಗಿರಾಕಿಗಳಿಗೆ ಹೋಗುವ ರಿಲೀಸ್ ಬಿಲ್ಡ್‌ನಲ್ಲಿ ಇಳಿಸಲು ಮರೆಯುತ್ತಾರೆ. ಬಳಕೆದಾರರ ಪರದೆಯನ್ನೇ ರೆಕಾರ್ಡ್ ಮಾಡುವ ಅನಲಿಟಿಕ್ಸ್ ಟೂಲ್ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಆಂಡ್ರಾಯ್ಡ್‌ನ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಪರದೆಯ ಚಿತ್ರ ನಂಬರ್ ಸಮೇತ ಕೂತಿರುತ್ತದೆ. ಅದನ್ನು ತಡೆಯಲು ಆ ಪರದೆಗೆ ಫ್ಲ್ಯಾಗ್ ಸೆಕ್ಯೂರ್ ಎಂಬ ಸೆಟ್ಟಿಂಗ್ ಹಾಕಬೇಕು.

ಯಾರೂ ಕೇಳಿಲ್ಲ, ಆದರೂ ಇದನ್ನು ಹೇಳಲೇಬೇಕು: ಆ್ಯಪ್ ‘ಹಣ ಬಂತು’ ಅಂದರೆ ನಂಬಬೇಡಿ. ಆರ್ಡರ್ ಸರ್ವರ್‌ನಲ್ಲೇ ಹುಟ್ಟಬೇಕು, ಮೊತ್ತವೂ ಅಲ್ಲೇ ನಿಗದಿಯಾಗಬೇಕು. ಮೊತ್ತ ಆ್ಯಪ್‌ನಿಂದ ಬಂದರೆ 499 ರೂಪಾಯಿಯ ಚಕ್ಕುಲಿ-ಕೋಡುಬಳೆ ಡಬ್ಬಿಯನ್ನು 1 ರೂಪಾಯಿಗೆ ಕೊಳ್ಳುವವರು ಸಿಕ್ಕೇ ಸಿಗುತ್ತಾರೆ. ರೇಜರ್‌ಪೇಯಂಥ ಗೇಟ್‌ವೇಗಳಿಗೆ ಮೊತ್ತವನ್ನು ಪೈಸೆಯಲ್ಲಿ ಕಳಿಸಬೇಕು: 499 ಅಲ್ಲ, 49900. ಪಾವತಿಯ ನಂತರ ಗೇಟ್‌ವೇಯಿಂದ ಬರುವ ಸಹಿಯನ್ನು (ಉತ್ತರ ಅಸಲಿ ಎಂದು ತೋರಿಸುವ ಸಂಕೇತ) ರಹಸ್ಯ ಕೀ ಬಳಸಿ ಸರ್ವರ್‌ನಲ್ಲೇ ತಾಳೆ ನೋಡಿ. ಆ ಕೀ ಆ್ಯಪ್‌ನತ್ತ ಸುಳಿಯಲೂ ಬಾರದು.

ಕಡಿಮೆ ರ‍್ಯಾಮ್‌ನ ಫೋನಿನಲ್ಲಿ ಒಟಿಪಿ ನೋಡಲು ಎಸ್‌ಎಂಎಸ್‌ಗೆ ಹೋದಾಗ ಆಂಡ್ರಾಯ್ಡ್ ನಿಮ್ಮ ಆ್ಯಪನ್ನು ಮುಚ್ಚಿಬಿಡುವುದೂ ಉಂಟು. ಹಣ ಕಡಿತವಾಗಿರುತ್ತದೆ, ಆರ್ಡರ್ ಮಾತ್ರ ‘ಬಾಕಿ’ ಅಂತ ತೋರಿಸುತ್ತಿರುತ್ತದೆ. ಅದಕ್ಕೇ ವೆಬ್‌ಹುಕ್ (ಗೇಟ್‌ವೇ ನಿಮ್ಮ ಸರ್ವರ್‌ಗೆ ನೇರವಾಗಿ ಕಳಿಸುವ ಸೂಚನೆ) ಬೇಕು. ಅದು ಎರಡು ಸಲವೂ ಬರಬಹುದು, ಹಾಗಾಗಿ ಪಾವತಿ ಐಡಿ ನೋಡಿ ಎರಡನೆಯದನ್ನು ಬಿಟ್ಟುಬಿಡಿ. ಪರೀಕ್ಷಿಸಬೇಕಾದರೆ ಡೆವಲಪರ್ ಆಯ್ಕೆಗಳಲ್ಲಿ ‘ಆ್ಯಕ್ಟಿವಿಟಿಗಳನ್ನು ಇರಿಸಿಕೊಳ್ಳಬೇಡ’ ಎಂಬುದನ್ನು (ಆ್ಯಪ್ ಬಿಟ್ಟ ಕೂಡಲೇ ಅದರ ಪರದೆಗಳನ್ನು ಮುಚ್ಚಿಬಿಡುವ ಆಯ್ಕೆ) ಆನ್ ಮಾಡಿ ಒಂದು ಆರ್ಡರ್ ಹಾಕಿ. ಒಟಿಪಿ ನೋಡಿ ಆ್ಯಪ್‌ಗೆ ಮರಳಿದಾಗ ಏನೇನು ಮುರಿಯುತ್ತದೋ ಕಣ್ಣೆದುರೇ ಕಾಣುತ್ತದೆ.