ಲಂಡನ್ನಿನ ಗ್ಲೋಬ್ ನಾಟಕಶಾಲೆ ಶೇಕ್ಸ್‌ಪಿಯರ್ ಕಾಲದ್ದೇನಾ?

ಪ್ರಶ್ನೆ: ಥೇಮ್ಸ್ ನದಿ ದಡದಲ್ಲಿರುವ ಗ್ಲೋಬ್, ಶೇಕ್ಸ್‌ಪಿಯರ್ ನಾಟಕಗಳು ಮೊದಲು ನಡೆದ ಅದೇ ಕಟ್ಟಡವೇ?

ಅಲ್ಲ. ಈಗಿರುವುದು 1997ರಲ್ಲಿ ಶುರುವಾದದ್ದು. ಹಳೆಯದು ಇದ್ದ ಜಾಗ ಅಲ್ಲಿಂದ ಇನ್ನೂರು ಚಿಲ್ಲರೆ ಮೀಟರ್ ದೂರ. ಹಾಗೆ ನೋಡಿದರೆ ಆ ಹಳೆಯ ಗ್ಲೋಬೂ ಪೂರ್ತಿ ಹೊಸ ಮರದ್ದಲ್ಲ!

ನದಿಯ ಆಚೆ, ಲಂಡನ್ನಿನ ಶೋರ್‌ಡಿಚ್‌ನಲ್ಲಿ, ಶೇಕ್ಸ್‌ಪಿಯರ್ ತಂಡದ ನಟ ಬರ್ಬೇಜ್ ಕುಟುಂಬದವರ ನಾಟಕಶಾಲೆ ಇತ್ತು. ಕಟ್ಟಡ ಅವರದು, ನೆಲ ಗುತ್ತಿಗೆಯದು. ಗುತ್ತಿಗೆ ಮುಗಿದ ಮೇಲೆ ಜಾಗದ ಯಜಮಾನನ ಜೊತೆ ಜಗಳ ಬಗೆಹರಿಯಲಿಲ್ಲ. 1598ರ ಡಿಸೆಂಬರ್ ಕೊನೆಯಲ್ಲಿ, ಆತ ಊರಲ್ಲಿಲ್ಲದ ಹೊತ್ತು ನೋಡಿಕೊಂಡು, ಬಡಗಿ ಪೀಟರ್ ಸ್ಟ್ರೀಟ್‌ನನ್ನು ಕರೆದೊಯ್ದು ಕಂಬ, ತೊಲೆ ಎಲ್ಲ ಬಿಚ್ಚಿಸಿಬಿಟ್ಟರು. ಯಜಮಾನ ಕೋರ್ಟಿಗೆ ಹೋದ. ಮರ ಮಾತ್ರ ನದಿ ದಾಟಿತ್ತು. ಅದರಿಂದಲೇ 1599ರಲ್ಲಿ ಗ್ಲೋಬ್ ಎದ್ದಿತು.

1613ರ ಜೂನ್ 29ರಂದು 'ಎಂಟನೇ ಹೆನ್ರಿ' ನಡೆಯುತ್ತಿತ್ತು. ರಾಜನ ಪ್ರವೇಶಕ್ಕೆಂದು ಹಾರಿಸಿದ ತೋಪಿನ ಕಿಡಿ ಹುಲ್ಲಿನ ಚಾವಣಿಗೆ ಬಿತ್ತು. ಜನ ನಾಟಕದಲ್ಲಿ ಮುಳುಗಿ ಹೊಗೆಯನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲವಂತೆ. ಒಂದು ಗಂಟೆಯೊಳಗೆ ಎಲ್ಲ ಬೂದಿ. ಒಬ್ಬನ ಚಡ್ಡಿಗೆ ಬೆಂಕಿ ಹತ್ತಿ, ಕೈಲಿದ್ದ ಬಿಯರ್ ಸುರಿದು ಆರಿಸಿದರು! ಮರುವರ್ಷ ಹೆಂಚು ಹೊದಿಸಿ ಮತ್ತೆ ಕಟ್ಟಿದರು. 1642ರಲ್ಲಿ ಪ್ಯೂರಿಟನ್ನರ (ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ) ಸಂಸತ್ತು ನಾಟಕಶಾಲೆಗಳನ್ನೆಲ್ಲ ಮುಚ್ಚಿಸಿತು. ಆಮೇಲೆ ಅದನ್ನೂ ಕೆಡವಿದರು.

ಅಮೆರಿಕದ ನಟ ಸ್ಯಾಮ್ ವಾನಮೇಕರ್ 1949ರಲ್ಲಿ ಹುಡುಕಿಕೊಂಡು ಬಂದಾಗ ಕಂಡದ್ದು ಗೋಡೆ ಮೇಲಿನ ಒಂದು ಫಲಕ ಅಷ್ಟೇ. ಗ್ಲೋಬ್ ಮತ್ತೆ ಕಟ್ಟಲು 1970ರಲ್ಲಿ ಟ್ರಸ್ಟ್ ಮಾಡಿ ದುಡ್ಡಿಗಾಗಿ ಅಲೆದರು. ಕಟ್ಟಡ ಮುಗಿಯುವ ಮೊದಲೇ, 1993ರಲ್ಲಿ ತೀರಿಕೊಂಡರು.

ಮೂಲ ನಕ್ಷೆ ಉಳಿದಿರಲಿಲ್ಲ. ಹಾಗಾದರೆ ಅಳತೆ ಎಲ್ಲಿಂದ ಬಂತು? ಅದೇ ಬಡಗಿ ಪೀಟರ್ ಸ್ಟ್ರೀಟ್ ಇನ್ನೊಂದು ನಾಟಕಶಾಲೆಗೆ ಬರೆದುಕೊಟ್ಟ ಕರಾರುಪತ್ರ ಸಿಕ್ಕಿದೆ. ಹದಿನೇಳನೇ ಶತಮಾನದ ಚಿತ್ರಕಾರ ಹಾಲರ್ ಬಿಡಿಸಿದ ಲಂಡನ್ ಚಿತ್ರವೂ ಇದೆ, ಅದರಲ್ಲಿ ಗ್ಲೋಬಿನ ಹೆಸರು ಪಕ್ಕದ ಕರಡಿ ಕಾಳಗದ ಅಂಕಣಕ್ಕೆ ಅದಲುಬದಲಾಗಿದ್ದರೂ. 1989ರಲ್ಲಿ ಹಳೆಯ ಅಡಿಪಾಯದ ಒಂದು ತುಂಡು ಸಿಕ್ಕಿತು. ಉಳಿದದ್ದರ ಬಹುಪಾಲು ಸಂರಕ್ಷಿತ ಕಟ್ಟಡದ ಕೆಳಗಿದೆ, ಅಗೆಯುವಂತಿಲ್ಲ. ಹಾಗಾಗಿ ಇಪ್ಪತ್ತು ಮುಖದ ಈ ಆಕಾರ ಒಳ್ಳೆಯ ಊಹೆ ಅಂತಲೇ ನನ್ನ ಅಭಿಪ್ರಾಯ.

ಕೆಲಸ ಮಾತ್ರ ಹಳೆಯ ಪದ್ಧತಿಯದೇ. ಓಕ್ ಮರದ ತೊಲೆಗಳಿಗೆ ಮರದ ಗೂಟವನ್ನೇ ಹೊಡೆದಿದ್ದಾರೆ. ಸುಣ್ಣದ ಗಾರೆಗೆ ಆಡಿನ ಕೂದಲು ಕಲಸಿದ್ದಾರೆ. ಊರಿನ ಬಹುಭಾಗವನ್ನೇ ಸುಟ್ಟ 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಜೊಂಡು ಹೊದಿಸಲು ಒಪ್ಪಿಗೆ ಸಿಕ್ಕಿದ್ದು ಇದಕ್ಕೇ ಮೊದಲು. ಅದಕ್ಕೇ ಚಾವಣಿಯ ನೆತ್ತಿಯಲ್ಲಿ ನೀರು ಚಿಮ್ಮುವ ಕೊಳವೆಗಳಿವೆ. ಹಳೆಯ ಗ್ಲೋಬಿನಲ್ಲಿ ಸುಮಾರು 3000 ಜನ ಹಿಡಿಸುತ್ತಿದ್ದರಂತೆ, ಈಗ ಅದರ ಅರ್ಧದಷ್ಟೇ.

ಅಗ್ಗದ ಟಿಕೆಟ್‌ನವರು ಈಗಲೂ ತೆರೆದ ಅಂಗಳದಲ್ಲಿ ನಿಂತೇ ನೋಡಬೇಕು. ಹೋಗುವವರು ಮಳೆಕೋಟು ಇಟ್ಟುಕೊಳ್ಳಿ, ಕೊಡೆ ಬಿಚ್ಚಲು ಬಿಡುವುದಿಲ್ಲ.