ವಿಕಿರಣಕ್ಕೆ ಸಿಕ್ಕ ಮೂಳೆಯನ್ನು ಮತ್ತೆ ಬೆಳೆಸುವ ಬಗೆ

ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ಗುಣಮುಖರಾದ ಕೆಲವರಿಗೆ ವರ್ಷಗಳು ಕಳೆದ ಮೇಲೆ ಹೊಸದೊಂದು ಸಂಕಟ ಶುರುವಾಗುತ್ತದೆ. ಹುಳುಕು ಹಲ್ಲು ಕೀಳಿಸಿದ ಜಾಗ ಮಾಯುವುದಿಲ್ಲ. ಒಸಡು ಕೂಡಿಕೊಳ್ಳದೆ ದವಡೆಯ ಮೂಳೆ ತಿಂಗಳುಗಟ್ಟಲೆ ಬಾಯಿಯೊಳಗೆ ತೆರೆದುಕೊಂಡೇ ಉಳಿಯುತ್ತದೆ. ಕೀವು, ನೋವು ಕಾಡುತ್ತವೆ. ಕೊನೆಗೆ ದವಡೆ ತಾನಾಗಿಯೇ ಮುರಿಯುವುದೂ ಉಂಟು. ವೈದ್ಯರು ಇದನ್ನು ಆಸ್ಟಿಯೋರೇಡಿಯೋನೆಕ್ರೋಸಿಸ್, ಅಂದರೆ ವಿಕಿರಣದಿಂದಾದ ಮೂಳೆಸಾವು ಎನ್ನುತ್ತಾರೆ. ಹೊಗೆಸೊಪ್ಪು ಮತ್ತು ಗುಟ್ಕಾದಿಂದಾಗಿ ಬಾಯಿಯ ಕ್ಯಾನ್ಸರ್ ವ್ಯಾಪಕವಾಗಿರುವ ನಮ್ಮ ನಾಡಿಗೆ ಇದು ದೂರದ ವಿಷಯವಲ್ಲ.

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಆರೇಳು ವಾರಗಳಲ್ಲಿ ಒಟ್ಟು 60ರಿಂದ 70 ಗ್ರೇಯಷ್ಟು (ಗ್ರೇ ಎಂದರೆ ಮೈ ಹೀರಿದ ವಿಕಿರಣದ ಅಳತೆ) ವಿಕಿರಣ ಕೊಡುತ್ತಾರೆ. ಗಡ್ಡೆಯ ಜೊತೆಗೆ ಸುತ್ತಲಿನ ಸಣ್ಣ ರಕ್ತನಾಳಗಳ ಒಳಪದರವೂ ಹಾಳಾಗುತ್ತದೆ. ಕೆಳದವಡೆಯ ಮೂಳೆ ಗಟ್ಟಿ. ಮೇಲ್ದವಡೆಗೆ ಹೋಲಿಸಿದರೆ ಅದಕ್ಕೆ ರಕ್ತ ತಲುಪುವ ದಾರಿಗಳೂ ಕಡಿಮೆ. ಆದ್ದರಿಂದ ಪೆಟ್ಟು ಹೆಚ್ಚಾಗಿ ಅದಕ್ಕೇ ಬೀಳುತ್ತದೆ. ಇದರ ಮೂಲ ಸೋಂಕು ಎಂದೇ ಬಹುಕಾಲ ನಂಬಲಾಗಿತ್ತು. 1983ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಆ ನಂಬಿಕೆಯನ್ನು ಪ್ರಶ್ನಿಸಿ, ಆ ಮೂಳೆಯಲ್ಲಿ ಆಮ್ಲಜನಕ, ಜೀವಕೋಶ, ರಕ್ತನಾಳ ಈ ಮೂರೂ ಕುಂದಿರುತ್ತವೆ ಎಂದು ತೋರಿಸಿದರು. ಹಾಗಾದರೆ ಗಾಳಿಯ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಆಮ್ಲಜನಕ ಕೊಟ್ಟರೆ ಸಾಲದೇ? ಹಲ್ಲು ಕೀಳುವ ಮುನ್ನ ಮತ್ತು ನಂತರ ಹಾಗೆ ಕೊಟ್ಟು ನೋಡಿದ ಬ್ರಿಟನ್ನಿನ ಹೋಪಾನ್ ಪ್ರಯೋಗ, ಇದರಿಂದ ಮೂಳೆಸಾವು ತಪ್ಪುವುದಿಲ್ಲ ಎಂಬ ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿತು.

ರೋಗ ಮುಂದುವರಿದಾಗ ಸತ್ತ ಭಾಗವನ್ನು ಕತ್ತರಿಸಿ, ಕಾಲಿನ ಫಿಬುಲಾ ಮೂಳೆಯನ್ನು ಅದರದೇ ರಕ್ತನಾಳಗಳೊಂದಿಗೆ ತಂದು ದವಡೆಗೆ ಜೋಡಿಸುತ್ತಾರೆ. ಈ ಶಸ್ತ್ರಕ್ರಿಯೆ ಫಲಿಸುವುದೇ ಮೂಳೆ ತನ್ನ ರಕ್ತನಾಳವನ್ನೂ ಜೊತೆಗೆ ತರುವುದರಿಂದ. ಆದರೆ ಅದಕ್ಕಾಗಿ ಆರೋಗ್ಯವಾಗಿರುವ ಕಾಲನ್ನೂ ಕೊಯ್ಯಬೇಕು; ದುರ್ಬಲ ರೋಗಿಗೆ ಅದು ದೊಡ್ಡ ಹೊರೆ.

ಜೈವಿಕ ವಸ್ತುಗಳ ಚೌಕಟ್ಟು ಬರುವುದು ಇಲ್ಲಿ. ಗಾರೆಯವರು ಗೋಡೆ ಎಬ್ಬಿಸುವಾಗ ಕಟ್ಟುವ ಸಾರುವೆಯಂತೆ, ಮೂಳೆ ಕಟ್ಟುವ ಕೋಶಗಳು ಹತ್ತಿ ನಿಂತು ಕೆಲಸ ಮಾಡಲು ಇದು ತಾತ್ಕಾಲಿಕ ಆಸರೆ. ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್ ಮತ್ತು ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಕೊಲಾಜೆನ್ ಎಂಬ ಪ್ರೋಟೀನು, ನಿಧಾನವಾಗಿ ಕರಗುವ ಪಾಲಿಮರ್‌ಗಳು ಇದಕ್ಕೆ ಬಳಕೆಯಾಗುತ್ತವೆ. ಒಳಗೆ ಒಂದಕ್ಕೊಂದು ಸೇರಿಕೊಂಡ ರಂಧ್ರಗಳಿರಬೇಕು. ಅವು ಸುಮಾರು 300 ಮೈಕ್ರೋಮೀಟರ್‌ಗಿಂತ (0.3 ಮಿಲಿಮೀಟರ್) ದೊಡ್ಡದಾಗಿದ್ದರೆ ರಕ್ತನಾಳಗಳು ನುಗ್ಗುವುದು ಸುಲಭ. ಆರೋಗ್ಯವಂತ ಮೂಳೆಯ ಸಣ್ಣ ಕುಳಿಯನ್ನು ಇಷ್ಟರಿಂದಲೇ ತುಂಬಿಸಬಹುದು. ವಿಕಿರಣ ತಗುಲಿದ ದವಡೆಯಲ್ಲಿ ಮಾತ್ರ ಸಾರುವೆ ನಿಂತಿದ್ದರೂ ಏರಲು ಕೆಲಸಗಾರರಿಲ್ಲ, ಅವರಿಗೆ ಅನ್ನ-ನೀರು ತರುವ ದಾರಿಯೂ ಇಲ್ಲ. ಇಲ್ಲಿ ಚೌಕಟ್ಟನ್ನು ಅಳೆಯಬೇಕಾದದ್ದು ಅದರ ಗಟ್ಟಿತನದಿಂದಲ್ಲ, ಅದು ರಕ್ತನಾಳಗಳನ್ನು ಎಷ್ಟು ಬೇಗ ಕರೆತರುತ್ತದೆ ಎಂಬುದರಿಂದ ಎಂದೇ ನನ್ನ ಅಭಿಪ್ರಾಯ.

ಜರ್ಮನಿಯ ಕೀಲ್ ನಗರದ ವೈದ್ಯರು 2004ರಲ್ಲಿ ವರದಿ ಮಾಡಿದ ಚಿಕಿತ್ಸೆಯ ಬೆರಗು ಇರುವುದು ಈ ಅಂಶದಲ್ಲೇ. ಕ್ಯಾನ್ಸರ್ ಶಸ್ತ್ರಕ್ರಿಯೆಯಲ್ಲಿ ಕೆಳದವಡೆಯ ಭಾಗವನ್ನು ಕಳೆದುಕೊಂಡಿದ್ದ ರೋಗಿಯೊಬ್ಬರಿಗಾಗಿ ಅವರು ಟೈಟೇನಿಯಂ ಬಲೆಯ ಅಚ್ಚು ಮಾಡಿ, ಅದರಲ್ಲಿ ಮೂಳೆಯ ಖನಿಜದ ತುಂಡುಗಳು, ರೋಗಿಯದೇ ಮೂಳೆಮಜ್ಜೆ ಮತ್ತು ಬಿಎಂಪಿ-7 ಎಂಬ ಮೂಳೆ ಬೆಳೆಸುವ ಪ್ರೋಟೀನನ್ನು ತುಂಬಿದರು. ಅದನ್ನು ನೇರವಾಗಿ ದವಡೆಗೆ ಇಡಲಿಲ್ಲ. ರಕ್ತ ಹೇರಳವಾಗಿ ಹರಿಯುವ ಬೆನ್ನಿನ ಸ್ನಾಯುವಿನೊಳಗೆ ಏಳು ವಾರ ಹುದುಗಿಸಿಟ್ಟು, ಹೊಸ ಮೂಳೆ ಮೂಡಿದ ಮೇಲೆ ಸ್ನಾಯು ಮತ್ತು ರಕ್ತನಾಳಗಳ ಸಮೇತ ದವಡೆಗೆ ವರ್ಗಾಯಿಸಿದರು. ಸಸಿಯನ್ನು ಒಳ್ಳೆಯ ಮಣ್ಣಿನ ಮಡಿಯಲ್ಲಿ ಬೆಳೆಸಿ, ಬೇರಿನ ಮಣ್ಣು ಕದಲದಂತೆ ಕಿತ್ತು ನೆಟ್ಟ ಹಾಗೆ. ಒಬ್ಬನೇ ರೋಗಿಯ ಅನುಭವದಿಂದ ಹೆಚ್ಚು ಹೇಳಲಾಗದು, ಆದರೂ ದಾರಿ ಕಂಡಿತು.

ಇನ್ನೊಂದು ದಾರಿ ಹಳೆಯ ಔಷಧಿಯದು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳ ಮೈಯಲ್ಲಿ ಸೇರುವ ಹೆಚ್ಚುವರಿ ಕಬ್ಬಿಣವನ್ನು ತೆಗೆಯುವ ಡೆಫೆರಾಕ್ಸಮೀನ್ ನಮ್ಮ ಆಸ್ಪತ್ರೆಗಳಿಗೂ ಪರಿಚಿತ. ಆಮ್ಲಜನಕದ ಮಟ್ಟವನ್ನು ಗುರುತಿಸುವ ಕಿಣ್ವಗಳಿಗೆ ಕಬ್ಬಿಣ ಬೇಕು. ಅದನ್ನು ಕಟ್ಟಿಹಾಕಿದರೆ ಕೋಶ ತನಗೆ ಆಮ್ಲಜನಕ ಸಾಲದೆಂದು ಬಗೆದು, ಹೊಸ ರಕ್ತನಾಳಗಳನ್ನು ಕರೆಯುವ ಸಂಕೇತಗಳನ್ನು ಕಳಿಸುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ವಿಕಿರಣ ತಗುಲಿದ ಇಲಿಗಳ ಮುರಿದ ದವಡೆಗೆ ಇದನ್ನು ಕೊಟ್ಟಾಗ ರಕ್ತನಾಳಗಳು ಹೆಚ್ಚಿ ಮೂಳೆ ಚೆನ್ನಾಗಿ ಕೂಡಿತು. ಇಂಥ ಔಷಧಿಯನ್ನು ಚೌಕಟ್ಟಿನೊಳಗೇ ಸೇರಿಸಿ, ಬೇಕಾದ ಜಾಗದಲ್ಲಿ ಮಾತ್ರ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಯತ್ನಗಳೂ ನಡೆದಿವೆ.

ಆದರೆ ಇಲಿಗೆ ಕ್ಯಾನ್ಸರ್ ಇರಲಿಲ್ಲ, ರೋಗಿಗೆ ಇತ್ತು. ಮೂಳೆಗೆ ಉಣಿಸಲು ಕರೆತಂದ ರಕ್ತನಾಳಗಳು ಎಲ್ಲಾದರೂ ಅಳಿದುಳಿದ ಕ್ಯಾನ್ಸರ್ ಕೋಶಕ್ಕೂ ಉಣಿಸಬಲ್ಲವು. ಬೆಳವಣಿಗೆಯ ಪ್ರೋಟೀನುಗಳನ್ನು ಗಡ್ಡೆ ತೆಗೆದ ಜಾಗದಲ್ಲಿ ಬಳಸಲು ವೈದ್ಯರು ಹಿಂಜರಿಯುವುದು ಇದೇ ಕಾರಣಕ್ಕೆ. ಹಾಗಾಗಿ ಇಂಥ ಚೌಕಟ್ಟನ್ನು ಪಡೆದವರಲ್ಲಿ ಮೂಳೆ ಕೂಡಿತೇ ಎಂದು ಕೆಲವು ತಿಂಗಳು ನೋಡಿದರೆ ಸಾಲದು, ಗಡ್ಡೆ ಮರಳಿತೇ ಎಂದು ವರ್ಷಗಳ ಕಾಲ ಪರೀಕ್ಷಿಸುತ್ತಿರಬೇಕಾಗುತ್ತದೆ.